ಖಾಕಿ ಸೀರೆಯ ಅನುಸೂಯಮ್ಮನಿಗೆ ಪಿಂಚಣಿ ಇಲ್ಲ

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹಾಸನದ ಮೊದಲ ಬಸ್ಸಿನ ಕಿಟಕಿ ಪಕ್ಕ ಒಬ್ಬ ಹುಡುಗಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ. ಪಕ್ಕದಲ್ಲಿ ಖಾಕಿ ಸೀರೆಯ ಅನುಸೂಯಮ್ಮ. ಹುಡುಗಿಯ ಸೆರಗಿನ ತುದಿಗೆ ತಮ್ಮ ಸೆರಗನ್ನು ಗಂಟು ಹಾಕಿ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಾರೆ. ಹಿಂದಿನ ಸೀಟಿನಲ್ಲಿ ಕಾನ್‌ಸ್ಟೇಬಲ್ ತೂಕಡಿಸುತ್ತಿದ್ದಾರೆ.

“ಏನಕ್ಕಾ, ಅಕ್ಕತಂಗೀರು ಎಲ್ಲಿಗೆ ಹೊರಟ್ರಿ?” ಗುರುತಿನ ಕಂಡಕ್ಟರ್ ನಗುತ್ತಾನೆ.

“ತವರಿಗೆ ಕಣಪ್ಪ. ಟಿಕೆಟ್ ಹರಿ, ಬಾಯಿ ಮುಚ್ಕೊ.”

ಹುಡುಗಿ ಹೋಗುತ್ತಿರುವುದು ಜೈಲಿಗೆ. ಕಳ್ಳತನದ ಆರೋಪ. “ಕೈ ಹಿಡ್ಕೊಂಡು ಕೂತ್ರೆ ಬಸ್ಸೆಲ್ಲ ತಿರುಗಿ ನೋಡ್ತೈತೆ. ಗಂಟಾದ್ರೆ ಯಾರ್ಗೂ ಕಾಣಲ್ಲ” ಎನ್ನುತ್ತಾರೆ ಅನುಸೂಯಮ್ಮ.

ಇವರು ಪೊಲೀಸಲ್ಲ, ಹೋಮ್‌ಗಾರ್ಡ್. ಠಾಣೆಯಲ್ಲಿ ಮಹಿಳಾ ಪೊಲೀಸ್ ಇಲ್ಲ. ಹೆಂಗಸರನ್ನು ಹಿಡಿದು ತಂದರೆ ಜೊತೆಗೆ ಕೂರಲು ಹಾರನಹಳ್ಳಿಯ ಇವರ ಮನೆಗೇ ಜೀಪು ಬರುತ್ತದೆ. ಬೇಲೂರು, ಹಳೇಬೀಡಿಗೆ ದೊಡ್ಡವರು ಬಂದರೆ ಬಂದೋಬಸ್ತಿಗೂ ಇವರೇ. ಡ್ಯೂಟಿಗೆ ಇಷ್ಟು ಎಂದು ಭತ್ಯೆ. ಬೆಳಗಿನಿಂದ ಮರುದಿನ ಬೆಳಗಿನವರೆಗೆ ಕೂತರೂ ಅದು ಒಂದೇ ಡ್ಯೂಟಿ.

“ಪೊಲೀಸ್ನೋರ್ಗೂ ಓಟಿ ಇಲ್ಲ ಬಿಡವ್ವ, ಪಾಪ. ಆದ್ರೆ ಅವ್ರಿಗೆ ಕೊನೇಗೆ ಪಿಂಚಣಿ ಐತಲ್ಲ.”

ಗಂಡ ಕೊಬ್ಬರಿ ಲಾರಿಯಿಂದ ಬಿದ್ದು ತೀರಿಕೊಂಡಾಗ ಅನುಸೂಯಮ್ಮ ಹೋಮ್‌ಗಾರ್ಡ್ ಸೇರಿದರು. ಆಗಲೇ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಕೆಲಸವೂ ಖಾಲಿಯಿತ್ತು. ಖಾಕಿ ಉಟ್ಟ ಮೇಲೆ ತಾನೂ ಸರ್ಕಾರಿ ನೌಕರಳೇ ಎಂದು ನಂಬಿದ್ದ ಅನುಸೂಯಮ್ಮ, ಆ ಕೆಲಸಕ್ಕೆ ನಾದಿನಿ ದ್ಯಾವಮ್ಮನನ್ನು ಕಳಿಸಿದರು. ದ್ಯಾವಮ್ಮನಿಗೀಗ ತಿಂಗಳು ತಿಂಗಳು ಪಿಂಚಣಿ.

“ನಮ್ಮತ್ತಿಗೆ ಬೂಟ್ ಹಾಕ್ಕೊಂಡು ಟಕಟಕ ಅಂತ ಓಡಾಡೋವಾಗ ನಾನು ಮಂದಿ ಹೇಲುಚ್ಚೆ ಬಳೀತಿದ್ದೆ. ಈಗ ಕಾಫಿಪುಡಿಗೆ ನನ್ನ ಮನೆ ಬಾಗ್ಲು ತಟ್ತಾಳೆ!” ಹಾರನಹಳ್ಳಿಯ ಜಗಲಿಯಲ್ಲಿ ಕೂತು ದ್ಯಾವಮ್ಮ ಹಂಗಿಸುತ್ತಾರೆ.

“ಕೊಡೇ. ನಿನ್ ಕೆಲ್ಸ ನಾನ್ ಬಿಟ್ಕೊಟ್ಟಿದ್ದು.”

ಇಬ್ಬರೂ ನಗುತ್ತಾರೆ. ಅನುಸೂಯಮ್ಮನ ನಗು ಮೊದಲು ನಿಲ್ಲುತ್ತದೆ.

ವಯಸ್ಸು ಮೀರಿತೆಂದು ಬರುವ ಸೋಮವಾರ ಅವರನ್ನು ಬಿಡಿಸುತ್ತಾರೆ. ಏನಾದರೂ ಸಿಕ್ಕೀತೇ ಎಂದು ಕಚೇರಿಗೆ ಹೋಗಿದ್ದರು. “ನೀವು ಸ್ವಯಂಸೇವಕಿ ಕಣಮ್ಮ. ನೌಕರಿಯೇ ಅಲ್ಲ ಅಂದ್ಮೇಲೆ ನಿವೃತ್ತಿ ಎಲ್ಲಿಂದ ಬಂತು?” ಎಂದರಂತೆ ಗುಮಾಸ್ತರು. ಸಮವಸ್ತ್ರ ಒಗೆದು, ಇಸ್ತ್ರಿ ಮಾಡಿಸಿ ವಾಪಸ್ಸು ಕೊಡಬೇಕಂತೆ.

“ನಾನು ಇಷ್ಟಪಟ್ಟು ಬಂದೋಳಂತೆ. ಇಷ್ಟ ಯಾರಿಗಿತ್ತವ್ವ? ಹೊಟ್ಟೆ ಎಳ್ಕೊಂಡ್ ಬಂತು. ಮಂಗಳವಾರದಿಂದ ಏನ್ ಮಾಡ್ಲಿ? ಕೂಲಿಗೆ ಯಾರೂ ಕರೆಯಲ್ಲ, ಮಂಡಿ ಬಗ್ಗಲ್ಲ. ಇವಳ ಕೈ ನೋಡ್ಕೊಂಡು ಕೂರ್ಬೇಕು.” ಈ ಸಲ ದ್ಯಾವಮ್ಮ ಹಂಗಿಸುವುದಿಲ್ಲ.

ಸರ್ಕಾರ ಏನು ಮಾಡಬೇಕು ಅಂತೀರಿ ಎಂದು ಅನುಸೂಯಮ್ಮನನ್ನು ಕೇಳುತ್ತೇನೆ.

“ನನ್ ಜಾಗಕ್ಕೆ ಒಬ್ಳು ಹೆಣ್ಮಗಳನ್ನ ಹಾಕ್ಲಿ. ಪಿಂಚಣಿ ಬರೋ ಪೊಲೀಸ್ನೇ ಹಾಕ್ಲಿ. ನಾನಿದ್ದಷ್ಟು ಕಾಲ ಆ ಠಾಣೇಲಿ ಯಾವ ಹೆಂಗಸ್ನೂ ಒಬ್ಳೇ ಬೆಳಗು ಮಾಡೋಕೆ ಬಿಟ್ಟಿಲ್ಲ ಕಣವ್ವ.”