ಹೊಳೆಯ ಮರಳಿಗೆ ಸಜ್ಜಾದ ಪಿಕಪ್

ನಮ್ಮ ಕಡೆಯೂ ಒಂದು ಮರುಭೂಮಿ ಇತ್ತೆಂದರೆ ಯಾರೂ ನಂಬುವುದಿಲ್ಲ. ಮಳೆಗಾಲದಲ್ಲಿ ಕುಮಾರಧಾರೆಯ ಕೆಂಪು ನೀರು ನೋಡಿದವರಂತೂ ನಕ್ಕೇಬಿಡುತ್ತಾರೆ. ಆದರೆ ಸೇತುವೆ ಇಲ್ಲದ ಆ ದಿನಗಳಲ್ಲಿ, ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಕಡಬದ ಕಡೆಯಿಂದ ಪುತ್ತೂರಿಗೆ ವಾಹನ ದಾಟಿಸಲು ಹೊರಟವರನ್ನು ಕೇಳಬೇಕು. ನೀರು ಆಚೆ ದಡಕ್ಕೆ ಸರಿದು ಮೊಣಕಾಲುದ್ದ ಹರಿಯುತ್ತಿತ್ತು. ಈಚೆಗೆ ಉಳಿದದ್ದೆಲ್ಲ ಸಡಿಲ ಮರಳು. ಕಾಲಿಟ್ಟರೆ ಕಣಕಾಲಿನವರೆಗೆ ಹೂತುಹೋಗುತ್ತಿತ್ತು. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು ಆ ಮರಳನ್ನು ಆರು ದಿನ, ದಿನಕ್ಕೆ ಎರಡು ಸಲ ದಾಟಬೇಕಾಯಿತು.

ಕಾರಣ ನನ್ನ ತಂಗಿ. ನಮ್ಮ ಮನೆ ಆಲಂಕಾರಿನಿಂದಲೂ ಒಳಗೆ, ಹೊಳೆಯಿಂದ ನಾಲ್ಕು ಮೈಲು ದೂರ. ನಮ್ಮ ಕುಟುಂಬದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಬಂದ ಮೊದಲ ಹುಡುಗಿ ಅವಳು. ಪರೀಕ್ಷೆಯ ಕೇಂದ್ರ ಮಾತ್ರ ಪುತ್ತೂರು. ಸುತ್ತು ದಾರಿಯ ಒಂದು ಮೋರಿ ಆ ವರ್ಷ ಕುಸಿದು ಬಸ್ಸು ನಿಂತಿತ್ತು. ಪುತ್ತೂರಿನಲ್ಲಿ ನೆಂಟರ ಮನೆ ಇತ್ತು, ಆದರೆ ಅಪ್ಪ ಒಪ್ಪಲಿಲ್ಲ.

"ಪರರ ಮನೆಯಲ್ಲಿ ಮಲಗುದು ಬೇಡ. ದಿನಾ ಹೋಗಿ ದಿನಾ ಬರುದಾದರೆ ಬರೆಯಲಿ," ಎಂದರು. "ಒಂದು ದಿನ ತಪ್ಪಿದರೂ ಅಲ್ಲಿಗೆ ಮುಗೀತು. ಇನ್ನೊಂದು ವರ್ಷ ಕೂತು ಬರೆಯುದು ಅಂತ ಇಲ್ಲ. ಹೊಳೆಯಾಚೆ ಒಂದು ಗಂಡು ಉಂಟು, ಮಾತಾಡಿಬಿಡ್ತೇನೆ."

ತಂಗಿ ಎದ್ದಳು. ಒಳಗೆ ಹೋಗಿ ಪುಸ್ತಕ ಬಿಡಿಸಿ ಕೂತಳು. ನಾನು ಮಾತ್ರ ಎಲ್ಲರಿಗೂ ಕೇಳುವ ಹಾಗೆ, "ನಾನು ಕರಕೊಂಡು ಹೋಗ್ತೇನೆ, ಒಂದು ದಿನವೂ ತಪ್ಪುದಿಲ್ಲ," ಎಂದುಬಿಟ್ಟೆ. ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುವುದು. ಸಿಟ್ಟಿನಲ್ಲಿ ಆಡಿದ ಮಾತನ್ನು ಆಮೇಲೆ ನಡೆಸಿಕೊಡುವ ಪಾಡು ಬೇರೆ.

ನನ್ನ ಹತ್ತಿರ ಒಂದು ಹಳೆಯ ಪಿಕಪ್ ಇತ್ತು. ಮುಂದೆ ಜೀಪಿನ ಮೂತಿ, ಹಿಂದೆ ಮರದ ಹಲಗೆ ಬಡಿದು ಮಾಡಿದ ತೊಟ್ಟಿ. ಅದರಲ್ಲಿ ತೆಂಗಿನಕಾಯಿ, ಗೊಬ್ಬರ, ಹಂಚು ಸಾಗಿಸುತ್ತಿದ್ದೆ. ಮರಳಿಗೆ ಅದನ್ನು ತಯಾರು ಮಾಡಲು ನನಗೆ ತೋಚಿದ್ದನ್ನೆಲ್ಲ ಮಾಡಿದೆ. ಟಯರಿಗೆ ಕಲ್ಲಿನ ಹಾಗೆ ಗಾಳಿ ತುಂಬಿದೆ. ಹಾರೆ, ಪಿಕಾಸಿ, ಹಗ್ಗದ ಸುರುಳಿ, ಎರಡು ಸ್ಟೆಪ್ನಿ, ಒಂದು ಮೂಟೆ ಜಲ್ಲಿಯನ್ನೂ ಹೇರಿಕೊಂಡೆ. ಇವೆಲ್ಲಕ್ಕಿಂತ ಮೇಲೆ, ಅಡಿಕೆ ಸೋಗೆಯ ಬುಡದಿಂದ ಬಿಡಿಸಿದ ಇಪ್ಪತ್ತು ಅಗಲದ ಹಾಳೆ. ನಮ್ಮಲ್ಲಿ ತಲೆಗೆ ಹಾಳೆ, ಊಟಕ್ಕೆ ಹಾಳೆ, ನೀರು ಮೊಗೆಯಲು ಹಾಳೆ. ಹಾಗಿರುವಾಗ ಮರಳಿಗೂ ಹಾಳೆಯೇ ಮದ್ದು ಎಂದು ನನಗೆ ಸಂಶಯವೇ ಇರಲಿಲ್ಲ.

ಪರೀಕ್ಷೆಗೆ ಒಂದು ವಾರ ಇರುವಾಗ ಒಬ್ಬನೇ ಪರೀಕ್ಷಿಸಲು ಹೋದೆ. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಚಕ್ರ ಹೂತಿತು. ಇಳಿದು ಚಕ್ರದಡಿಗೆ ಹಾಳೆ ಜೋಡಿಸಿ, ಹತ್ತಿ ಎಕ್ಸಲರೇಟರ್ ಒತ್ತಿದೆ. ಹಾಳೆ ಸುಂಯ್ ಎಂದು ಹಿಂದಕ್ಕೆ ಹಾರಿತು. ಇನ್ನೊಂದು ಇಟ್ಟೆ, ಅದೂ ಹಾರಿತು. ಏಳೆಂಟು ಹಾಳೆ ಹೀಗೆ ಹಾರಿಸುವಷ್ಟರಲ್ಲಿ ಗಾಡಿ ಹಲಗೆಯವರೆಗೆ ಇಳಿದಿತ್ತು. ಹಿಂದೆ ಯಾರೋ ನಗುವುದು ಕೇಳಿಸಿತು.

ನಕ್ಕವರು ಆಲಂಕಾರು ಪೇಟೆಯ ಬದಿಯಲ್ಲಿ ಸೋಗೆ ಹೊದಿಸಿದ ಮಾಡಿನಡಿ ವಾಹನ ರಿಪೇರಿ ಮಾಡುತ್ತಿದ್ದ, ನಮ್ಮ ಕರಾವಳಿಯ ಮುಸಲ್ಮಾನರಾದ ಬ್ಯಾರಿ ಒಬ್ಬರು. ಅವರನ್ನು ನಾವೆಲ್ಲ ಕಾಕ ಎನ್ನುತ್ತಿದ್ದೆವು. ಕೆಲವು ವರ್ಷ ಪರ್ಷಿಯಾದಲ್ಲಿ ನೀರಿನ ಲಾರಿ ಓಡಿಸಿ ಬಂದಿದ್ದರು. ಕಡಲಾಚೆಯ ಅರಬರ ದೇಶಗಳಿಗೆಲ್ಲ ಆಗ ನಮ್ಮಲ್ಲಿ ಅದೊಂದೇ ಹೆಸರು. ಮಾತೆತ್ತಿದರೆ ಅಲ್ಲಿನ ಮರಳಿನ ಕಥೆ. ಅದು ಬಡಾಯಿ ಎಂದು ಅಸಡ್ಡೆ ಮಾಡಿ, ಪಿಕಪ್ ಕೆಟ್ಟರೂ ಅವರಲ್ಲಿಗೆ ಹೋಗದವನು ನಾನು. ಆ ದಿನ ಹೊಳೆ ದಾಟಲು ನಡೆದು ಬರುತ್ತಿದ್ದವರು ಒಂದು ಹಾಳೆ ಎತ್ತಿ ಒಳಮೈಯನ್ನು ಸವರಿ ತೋರಿಸಿದರು.

"ಮಕ್ಕಳು ಇದರಲ್ಲಿ ಕೂತು ಜಾರುದು ನೀವು ಕಂಡಿಲ್ವಾ ಮಾರಾಯ್ರೆ? ಜಾರಲಿಕ್ಕೆ ಇರುದನ್ನು ಹಿಡಿಯಲಿಕ್ಕೆ ಇಡ್ತೀರಲ್ಲ!"

ನನಗೆ ಎಲ್ಲಿಲ್ಲದ ಕೋಪ ಬಂತು. ಚಿಕ್ಕಂದಿನಲ್ಲಿ ಹಾಳೆಯಲ್ಲಿ ಕೂತು ಜಾರಿ ಚಡ್ಡಿ ಹರಿದುಕೊಂಡವನು ನಾನೇ. ಆದರೂ ಬಾಯಿಗೆ ಬಂದದ್ದು ಬೇರೆ. "ಗೊತ್ತಿದ್ದರೆ ಎಬ್ಬಿಸಿ ಕೊಡಿ ನೋಡುವ," ಎಂದೆ.

ಅವರು ಬೇಸರಿಸಲಿಲ್ಲ. ಕೂತು ಒಂದು ಬೆಂಕಿಕಡ್ಡಿಯಿಂದ ಟಯರಿನ ವಾಲ್ವ್ ಒತ್ತಿ ಗಾಳಿ ಬಿಡತೊಡಗಿದರು. ನಾನು ತಡೆಯಲು ಕೈ ಚಾಚಿದೆ. ಮೆತ್ತಗಿನ ಟಯರು ನಮ್ಮ ಡ್ರೈವರುಗಳಲ್ಲಿ ಮಾನ ಹೋಗುವ ಸಂಗತಿ.

"ಗಟ್ಟಿ ಟಯರು ಮರಳನ್ನು ಕೊರೆಯುದು. ಮೆತ್ತಗೆ ಮಾಡಿದರೆ ಅಗಲವಾಗಿ ಕೂತು ಮೇಲೆಯೇ ಹೋಗುದು," ಎಂದರು. ಜಲ್ಲಿ ಮೂಟೆಯನ್ನು ಅವರೇ ಕೆಳಗೆ ತಳ್ಳಿದರು. "ಇದನ್ನು ಯಾರ ಮದುವೆಗೆ ಕೊಂಡುಹೋಗುದು?" ಮತ್ತೆ ಇಬ್ಬರೂ ಸೇರಿ ಚಕ್ರದ ಮುಂದಿನ ಮರಳು ತೋಡಿ, ದಡದ ತೆಂಗಿನಿಂದ ಬಿದ್ದಿದ್ದ ಉದ್ದ ಗರಿಯ ಮಡಲು ತಂದು ಹಾಸಿದೆವು. ಒಂದೇ ಸಲಕ್ಕೆ ಗಾಡಿ ಎದ್ದು ಬಂತು. ಆಗ ಮಾತ್ರ ನಾನು ತಂಗಿಯ ವಿಷಯ ಹೇಳಿದೆ.

ಅವರು ಕೈಯ ಮರಳು ಕೊಡವಿದರು. "ನನಗೆ ಓದಲಿಕ್ಕೆ ಬರುದಿಲ್ಲ ಗೌಡ್ರೆ. ಅಲ್ಲಿ ಇರುವಾಗ ಮನೆಯಿಂದ ಕಾಗದ ಬಂದರೆ ಬೇರೆಯವರ ಕೈಯಿಂದ ಓದಿಸುದು. ನನ್ನ ಹೆತ್ತ ಉಮ್ಮ ತೀರಿಹೋದದ್ದನ್ನು ಗುರುತಿಲ್ಲದ ಒಬ್ಬ ನನಗೆ ಓದಿ ಹೇಳಿದ್ದು," ಎಂದರು. "ನಾಳೆ ಗಾಡಿ ತನ್ನಿ."

ಮರುದಿನದಿಂದ ನಾಲ್ಕು ದಿನ ಪಿಕಪ್ ಅವರ ಮಾಡಿನಡಿಯೇ ಇತ್ತು. ಪಟ್ಟಿ ಸ್ಪ್ರಿಂಗಿನ ಬೋಲ್ಟುಗಳನ್ನೆಲ್ಲ ಬಿಗಿದರು, ಒಣಗಿ ಬಿರಿದಿದ್ದ ಪೆಟ್ರೋಲಿನ ಪೈಪು ಬದಲಿಸಿದರು. ಜಾಕಿ ಮರಳಿನಲ್ಲಿ ಹೂಳದಂತೆ ಅದರಡಿಗೆ ಇಡಲು ಹಲಸಿನ ಹಲಗೆಯ ತುಂಡೊಂದನ್ನು ಕೊಯ್ದು ಕೊಟ್ಟರು. ಹೊಳೆಗಿಳಿಯುವ ಮೊದಲು ದಡದಲ್ಲೇ ಫ್ಯಾನ್ ಬೆಲ್ಟ್ ತೆಗೆಯಬೇಕು, ಇಲ್ಲದಿದ್ದರೆ ಆಚೆ ಫ್ಯಾನು ಎಂಜಿನ್ನಿಗೆಲ್ಲ ನೀರು ಎರಚಿ ಗಾಡಿ ನಿಲ್ಲುತ್ತದೆ ಎಂದು ನನ್ನ ಕೈಯಿಂದಲೇ ಹತ್ತು ಸಲ ತೆಗೆಸಿ ಹಾಕಿಸಿದರು. ಹೊಳೆಯ ಎರಡು ಮೆದು ಜಾಗಗಳಲ್ಲಿ ಹೆಣೆದ ಮಡಲು ಹಾಸಿ ಬಂದೆವು. ಕೊನೆಗೆ ಎರಡು ಮಾತು ಹೇಳಿದರು: ಮರಳಿಗೆ ಬರುವ ಮೊದಲು ಪ್ರತಿ ಸಲ ಗಾಳಿ ಬಿಡಬೇಕು, ದಾಟಿದ ಮೇಲೆ ಪ್ರತಿ ಸಲ ಪಂಪು ಹೊಡೆಯಬೇಕು. ಮರಳಿನ ಮೇಲೆ ಗಾಡಿ ಚಲಿಸತೊಡಗಿದರೆ ದೇವರು ಕರೆದರೂ ನಿಲ್ಲಿಸಬಾರದು.

ಬಡಾಯಿ ಎಂದು ನಾನು ದೂರವಿಟ್ಟ ಮನುಷ್ಯ ತನ್ನ ಕಷ್ಟದಲ್ಲಿ ಕಲಿತದ್ದನ್ನೆಲ್ಲ ನನಗೆ ಧಾರೆ ಎರೆದ. ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಆಗ ನಾನು ಅವರಿಗೆ ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲ. ನಮ್ಮಲ್ಲಿ ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಕಡಿಮೆ. ಒಂದು ಬಾಳೆಗೊನೆ ಕೊಂಡುಹೋಗಿ ಮಾಡಿನಡಿ ಇಟ್ಟು ಬಂದೆ.

ಐದು ದಿನ ಏನೂ ತೊಂದರೆಯಾಗಲಿಲ್ಲ. ಬೆಳಕು ಹರಿಯುವಾಗ ಹೊಳೆ, ಬಿಸಿಲೇರುವ ಮೊದಲು ದಾರಿಯ ನರಿಮೊಗರು, ಗಂಟೆ ಹೊಡೆಯುವ ಮೊದಲು ಪುತ್ತೂರು. ಕೈಪಂಪಿನಲ್ಲಿ ನಾಲ್ಕು ಟಯರಿಗೆ ಗಾಳಿ ಹೊಡೆದು ಹೊಡೆದು ನನ್ನ ರಟ್ಟೆ ಬಿದ್ದುಹೋಗಿತ್ತು. ತಂಗಿ ಪಕ್ಕದಲ್ಲಿ ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದಳು.

ಆರನೆಯ ದಿನ, ಕೊನೆಯ ಪರೀಕ್ಷೆ. ಆ ಬೆಳಿಗ್ಗೆ ಅಪ್ಪ ತೊಳೆದ ಬಿಳಿ ಅಂಗಿ ಹಾಕಿ, ಕೊಡೆ ಹಿಡಿದು ಬಂದು ಹಿಂದೆ ಹತ್ತಿದರು. "ಹೊಳೆಯಾಚೆ ಇಳಿಸು. ಪರೀಕ್ಷೆ ಹೇಗೂ ಇವತ್ತಿಗೆ ಮುಗೀತಲ್ಲ, ಆ ಗಂಡಿನ ಮನೆಗೆ ಒಂದು ಮಾತು ಕೊಟ್ಟು ಬರ್ತೇನೆ," ಎಂದರು. ತಂಗಿಯ ಮುಖ ಬಾಡಿತು. ಪುಸ್ತಕ ತೆರೆದೇ ಇತ್ತು, ಪುಟ ಮಗುಚಲಿಲ್ಲ.

ನನಗೂ ಸಿಟ್ಟು. ಜೊತೆಗೆ ಐದು ದಿನ ದಾಟಿದವನೆಂದು ಕೊಂಬು ಬೇರೆ ಬಂದಿತ್ತು. ಒಂದು ದಿನ ಗಾಳಿ ಬಿಡದಿದ್ದರೆ ಏನು ಮಹಾ, ಪಂಪು ಹೊಡೆಯುವ ಕೆಲಸ ಉಳಿಯಿತು ಎಂದು ಬೆಲ್ಟ್ ಮಾತ್ರ ತೆಗೆದು ಹಾಗೆಯೇ ಮರಳಿಗೆ ಇಳಿಸಿದೆ. ನಡುವಿಗೆ ಬರುವಾಗ ಹಿಂದಿನ ಚಕ್ರಗಳೆರಡೂ ಕೂತವು.

ಇಳಿದು ನೋಡಿದರೆ ಅರ್ಧ ಚಕ್ರ ಒಳಗೆ. ಅಪ್ಪನಿಗೆ ಏನೂ ಮಾಡಬೇಕಾಗಿರಲಿಲ್ಲ; ಕೊಡೆ ಬಿಡಿಸಿ ಸುಮ್ಮನೆ ನಿಂತಿದ್ದರೆ ಅವರ ಮಾತೇ ನಡೆಯುತ್ತಿತ್ತು. ನಾನು ಬೆಂಕಿಕಡ್ಡಿ ಹುಡುಕುತ್ತಾ ತಡಬಡಿಸುತ್ತಿದ್ದೆ. ತಂಗಿ ಮರಳಿನಲ್ಲಿ ಮಂಡಿಯೂರಿ ಚಕ್ರದಡಿ ತೋಡತೊಡಗಿದ್ದಳು. ಅಳುತ್ತಿರಲಿಲ್ಲ. ಒಂದು ಕೈಯಲ್ಲಿ ಪೆನ್ನಿನ ಡಬ್ಬಿಯನ್ನು ಮರಳು ಹೊಗದಂತೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತೋಡುತ್ತಿದ್ದಳು.

ಅಪ್ಪ ಅವಳನ್ನೇ ನೋಡುತ್ತ ನಿಂತರು. ಆಮೇಲೆ ಕೊಡೆ ಬಿಸಾಡಿದರು. "ಬರೆಯುವ ಕೈ ಅದು, ಏಳು ನೀನು," ಎಂದು ಅವಳನ್ನು ಎಬ್ಬಿಸಿ ಗಾಡಿಯಲ್ಲಿ ಕೂರಿಸಿ, ತಾವೇ ಗುಂಡಿಗಿಳಿದು ಎರಡೂ ಕೈಯಲ್ಲಿ ಬಾಚತೊಡಗಿದರು. ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ನಾನು ಗಾಳಿ ಬಿಟ್ಟೆ, ಹಿಂದೆ ಹಾಸಿದ್ದ ಮಡಲನ್ನು ಎಳೆದು ತಂದು ಚಕ್ರಕ್ಕೆ ಕೊಟ್ಟೆ. ಅಪ್ಪ ಹಿಂದಿನಿಂದ ಹೆಗಲು ಕೊಟ್ಟು ನೂಕಿದರು. ಗಾಡಿ ಒಮ್ಮೆ ನಡುಗಿ ಮೇಲೆ ಬಂತು.

ಬಂದ ಮೇಲೆ ನಿಲ್ಲಿಸುವಂತಿರಲಿಲ್ಲ. ಅಪ್ಪ ಮರಳಿನಲ್ಲೇ ಉಳಿದರು. ಹಿಂದಿನಿಂದ ಏನೋ ಕೂಗುತ್ತಿದ್ದರು. ಎಂಜಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ತಂಗಿ ಹೊರಗೆ ಬಗ್ಗಿ ಕೇಳಿಸಿಕೊಂಡಳು. ನೀರು ದಾಟಿ ಆಚೆ ದಡದ ಗಟ್ಟಿ ನೆಲ ಹತ್ತಿದ ಮೇಲೆಯೇ ನಾನು ಬ್ರೇಕು ಒತ್ತಿದ್ದು.

"ಅಪ್ಪ ಎಂತ ಬೊಬ್ಬೆ ಹಾಕಿದ್ದು? ಇಲ್ಲಿಗೆ ಬರ್ತಾರಂತಾ? ಕಾಯಬೇಕಾ?" ಎಂದು ಕೇಳಿದೆ.

ಅವಳು ನನ್ನ ಕಡೆ ತಿರುಗಿದಳು. ಈಗ ಅಳುತ್ತಿದ್ದಳು.

"ಕಾಯುದು ಬೇಡ ಅಣ್ಣ. 'ಪೂರ್ತಿ ಬರೆದು ಬಾ ಮಗಾ, ನಾನು ಇಲ್ಲಿಂದಲೇ ಮನೆಗೆ ಹೋಗ್ತೇನೆ' ಅಂತ ಹೇಳಿದ್ರು."

ತಿರುಗಿ ನೋಡಿದೆ. ನಾವು ಬಿಟ್ಟು ಬಂದ ದಡದಲ್ಲಿ, ಮರಳು ಮೆತ್ತಿದ ಬಿಳಿ ಅಂಗಿ ನಮ್ಮ ಮನೆಯ ದಾರಿಯನ್ನೇ ಹಿಡಿದಿತ್ತು.