ಹಿಂಬದಿಯಿಲ್ಲದ ದೋಣಿಗೆ ಕಿವಿ ಕಟ್ಟಿದ್ದು

ನಮ್ಮ ಮನೆಯಲ್ಲಿ ಚಪ್ಪಲಿಗಳು ಬೀದಿಗೆ ಮುಖಮಾಡಿಯೇ ಇರಬೇಕು. ಬಂದವರು ಬಿಟ್ಟಂತೆ ಬಿಟ್ಟು ಒಳಗೆ ಹೋಗುವಂತಿಲ್ಲ. ತಿರುಗಿಸಿ, ಜೋಡಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ಇಡಬೇಕು. ಮೊಮ್ಮಕ್ಕಳು ನಗುತ್ತಾರೆ, ನಗುತ್ತಲೇ ತಿರುಗಿಸಿಡುತ್ತಾರೆ. ಪ್ರತಿ ವಸ್ತುವಿಗೂ ಒಂದು ಮುಂಬದಿ, ಒಂದು ಹಿಂಬದಿ ಇರುತ್ತದೆ, ಅವನ್ನು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ ಎಂದು ನಂಬಿ ಬದುಕಿದವನು ನಾನು. ಸೈಕಲ್ಲಿಗಿದೆ, ಬಸ್ಸಿಗಿದೆ, ತೊಡುವ ಅಂಗಿಗೂ ಇದೆ. ಆದರೆ ಓದುಗ ಮಿತ್ರರೇ, ಎರಡೂ ಇಲ್ಲದ ವಸ್ತುವೊಂದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ದೇವದುರ್ಗದ ಕಡೆಯ ಕೃಷ್ಣೆಯ ದಂಡೆಯ ಮೇಲೆ, ನನಗಾಗಿ ಕಾಯುತ್ತ ಬೋರಲಾಗಿ ಮಲಗಿತ್ತು.

ನಾನಾಗ ರಾಯಚೂರಿನ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ಹೊಳೆಯ ಮಡುವಿನಲ್ಲಿ ಬೇಸಿಗೆಯಲ್ಲೂ ಮೀನು ಉಳಿಯುವಷ್ಟು ಆಳವಿದೆಯೇ ಎಂದು ತಿಳಿಯಲು ಸರಕಾರದ ಯಂತ್ರವೊಂದು ಬಂದಿತ್ತು. ಅದು ನೀರಿನೊಳಕ್ಕೆ ಸದ್ದು ಕಳಿಸಿ, ಮರುದನಿಯನ್ನು ಆಲಿಸಿ, ಹೊಳೆಯ ತಳವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಯಂತ್ರ ದೋಣಿಯೊಳಗೆ ಕೂರುತ್ತದೆ. ಅದರ ಕಿವಿಯೆನ್ನಬಹುದಾದ ಅಂಗೈಯಗಲದ ಬಿಲ್ಲೆ, ಟ್ರಾನ್ಸ್‌ಡ್ಯೂಸರ್, ನೀರಿನಲ್ಲಿ ಮುಳುಗಿರಬೇಕು. ಅದನ್ನು ಜೋಡಿಸುವುದು ನನ್ನ ಪಾಲಿನ ಕೆಲಸ. ದೋಣಿಯ ಹಿಂಬದಿಯ ತಳದಲ್ಲಿ ತೂತು ಕೊರೆದು ಬೋಲ್ಟು ಬಿಗಿಯಬೇಕೆಂದು ಕೈಪಿಡಿ ಹೇಳುತ್ತಿತ್ತು. ಆದರೆ ಬಂಡೆಗಳ ನಡುವಿನ ಆ ಮಡುವಿಗೆ ಇಳಿಯಬಲ್ಲದ್ದು ಮೀನುಗಾರ ಹನುಮಂತನ ಹರಗೋಲೊಂದೇ. ಬಿದಿರಿನಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿ, ಹೊರಮೈಗೆ ಟಾರು ಬಳಿದ ಗೋಣಿತಟ್ಟು.

"ಹನುಮಂತಪ್ಪಾ, ಇದರ ಹಿಂದಿನ ಭಾಗ ಯಾವುದು?" ಎಂದೆ.

"ನಾ ಕುಂತಿದ್ದು ಮುಂದ್ರೀ ಸಾಹೇಬ್ರ. ನಮ್ಮಾಕಿ ಕುಂತಿದ್ದು ಹಿಂದ."

"ಹುಟ್ಟು ನನ್ನ ಕೈಯಾಗ ಬಂದ ದಿನ ನೀನ ಹಿಂದ ಆಗ್ತಿ, ಸುಮ್ನಿರು," ಎಂದಳು ಅವನ ಹೆಂಡತಿ ಮಲ್ಲಮ್ಮ.

ನಾನು ಚೀಲದಿಂದ ಕೈಡ್ರಿಲ್ ತೆಗೆದದ್ದೇ ತಡ, ಅವಳ ನಗು ನಿಂತಿತು. ನೇರ ನಡೆದು ಬಂದವಳೇ ಬೋರಲು ಬಿದ್ದ ಹರಗೋಲಿನ ತಳದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು.

"ಏಳವ್ವಾ, ಕೆಲಸ ಅದ," ಎಂದೆ.

"ಯಾಕ ಏಳ್ಲಿ? ಇದು ಸೋರಿದ್ರ ನಮ್ಮ ಮನ್ಯಾಗ ಒಲಿ ಹತ್ತಂಗಿಲ್ರೀ. ಮೊನ್ನಿ ಟಾರ್ ಹಚ್ಚೀವಿ. ಕೊರಿಯೋದಿದ್ರ ಕೊರೀರಿ, ನಾ ಇಲ್ಲೇ ಕುಂತೀನಿ."

"ರಬ್ಬರ್ ವಾಷರ್ ಹಾಕ್ತೀನವ್ವಾ. ಒಂದು ಹನಿ ಒಳಗ ಬರಂಗಿಲ್ಲ."

"ಕೆಲಸ ಮುಗದ ಮ್ಯಾಲೆ ಆ ವಾಷರ್ ಇಲ್ಲೇ ಇರ್ತದೋ, ನಿಮ್ಮ ಜೋಡಿ ರಾಯಚೂರಿಗೆ ಹೋಗ್ತದೋ?"

ಕೈಪಿಡಿಯ ಪುಟ ತಿರುವಿ ಮುಚ್ಚಿದೆ. ಸಂಜೆಗೆ ಬಿಲ್ಲೆ ನನ್ನ ಪೆಟ್ಟಿಗೆ ಸೇರುತ್ತದೆ, ತೂತು ಮಾತ್ರ ಅವರ ಪಾಲಿಗೆ ಉಳಿಯುತ್ತದೆ. ನಿಯಮಗಳನ್ನು ನಾನು ಈಗಲೂ ಗೌರವಿಸುತ್ತೇನೆ. ಆದರೆ ಯಾವುದನ್ನು ಎಲ್ಲಿ ಬಿಗಿಯಬೇಕೆಂದು ಹೇಳುವ ನಿಯಮಕ್ಕೆ, ಬಿಚ್ಚಿಕೊಂಡು ಹೋದ ಮೇಲೆ ಅಲ್ಲಿ ಬಾಳುವವರ ಗತಿ ಕಾಣುವುದಿಲ್ಲ. ಡ್ರಿಲ್ಲನ್ನು ಒರೆಸಿ ಚೀಲಕ್ಕೆ ಹಾಕಿದೆ. ಬಿದಿರಿನ ಉದ್ದನೆಯ ಗಟ್ಟಿ ಗಳುವೊಂದರ ತುದಿಗೆ ಬಿಲ್ಲೆಯನ್ನು ಕೆಳಮುಖವಾಗಿ ಬಿಗಿದು, ಗಳುವನ್ನು ಹರಗೋಲಿನ ಅಂಚಿಗೆ ಹಗ್ಗದಿಂದ ಕಟ್ಟಿದೆ. ಹಗ್ಗದ ಕೆಲಸ ಫಿಟ್ಟರನ ಕೆಲಸವಲ್ಲವೆಂದು ಮನಸ್ಸು ಗೊಣಗುತ್ತಲೇ ಇತ್ತು.

ಮಡುವಿನ ನಡುವೆ ಗೆರೆ ಮೂಡತೊಡಗಿತು. ಹನುಮಂತ ಹುಟ್ಟು ಹಾಕುತ್ತಿದ್ದ, ಮಲ್ಲಮ್ಮ ಯಂತ್ರ ನಡೆಸಲು ತಂದಿದ್ದ ಲಾರಿಯ ಬ್ಯಾಟರಿಯನ್ನು ಹಿಡಿದು ಕುಳಿತಿದ್ದಳು, ನಾನು ಗಳುವನ್ನು ತಬ್ಬಿಕೊಂಡಿದ್ದೆ. ಹರಗೋಲು ನಿಧಾನವಾಗಿ ತಿರುಗುತ್ತಿದ್ದುದರಿಂದ ನಾವು ಬಿಟ್ಟುಬಂದ ದಂಡೆಯೇ ಮತ್ತೆ ಮತ್ತೆ ನನ್ನ ಕಣ್ಣೆದುರಿಗೆ ಬರುತ್ತಿತ್ತು.

ಅಷ್ಟರಲ್ಲಿ ಕೆಳಗೆ ಧಡ್ಡೆಂದಿತು. ನೀರಿನಡಿಯ ಬಂಡೆಗೆ ಬಿಲ್ಲೆ ಬಡಿದಿತ್ತು. ಹಗ್ಗ ಸಡಿಲಿ, ಗಳು ನನ್ನ ಕೈ ತಪ್ಪಿಸಿಕೊಂಡು ಓರೆಯಾಗಿ ಮೇಲೆದ್ದಿತು. ಸರಕಾರದ ಬಿಲ್ಲೆ ಏನಾಯಿತೆಂದು ಯಾರೂ ನೋಡಲಿಲ್ಲ. ಮೂವರ ಕಣ್ಣೂ ಹರಗೋಲಿನ ತಳದ ಮೇಲಿತ್ತು. ಗಳುವನ್ನು ಹಗ್ಗದಿಂದ ಕಟ್ಟಿದ್ದರಿಂದ ಹಗ್ಗವಷ್ಟೇ ಸಡಿಲಿತ್ತು. ಬೋಲ್ಟು ಬಿಗಿದಿದ್ದರೆ ಆ ಪೆಟ್ಟಿಗೆ ತಳವೇ ಕಿತ್ತುಬರುತ್ತಿತ್ತು.

ಮಲ್ಲಮ್ಮ ಬಾಗಿ, ಮಗುವಿನ ಬೆನ್ನು ಸವರುವವಳಂತೆ ಹೆಣಿಗೆಯ ಉದ್ದಕ್ಕೂ ಅಂಗೈಯಾಡಿಸಿದಳು. ಮೂಲೆಯಿಲ್ಲದ ಆ ಬುಟ್ಟಿಯಲ್ಲಿ ಅವಳ ಕೈ ಒಂದು ಸುತ್ತು ಮುಗಿಸುವುದು ಎಷ್ಟು ದೀರ್ಘವೆನಿಸಿತು! ಕೊನೆಗೆ ಅಂಗೈ ಎತ್ತಿ ನಮ್ಮಿಬ್ಬರಿಗೂ ತೋರಿಸಿದಳು.

"ಒಣಗೇ ಅದ. ಉಸ್ರು ಬಿಡ್ರಿ ಸಾಹೇಬ್ರ."

ಬಿಟ್ಟೆ. ಬಿಲ್ಲೆಯನ್ನು ಎತ್ತಿ ನೋಡಿದರೆ ಒಂದು ಗೀರು ಬಿಟ್ಟು ಬೇರೇನೂ ಆಗಿರಲಿಲ್ಲ. ಗಳುವನ್ನು ಮತ್ತೆ ಅಂಚಿಗೆ ಆನಿಸಿ ಹಿಡಿದೆ. ಈ ಸಲ ಮಲ್ಲಮ್ಮನೇ ಹಗ್ಗ ಎಳೆದು ಗಂಟು ಹಾಕಿದಳು.