ಕಾನಾ ಊರಿನ ಮದುವೆ, ನಮ್ಮ ಮನೆಯ ಬೀಗರೂಟ

ಹನಿ ನೀರಾವರಿ ನೋಡಲೆಂದು ಇಸ್ರೇಲಿಗೆ ಹೊರಟ ಮಂಡ್ಯದ ರೈತರ ತಂಡದಲ್ಲಿ ನಾನು ಅವ್ವನನ್ನೂ ಸೇರಿಸಿದ್ದೆ. ತೋಟಗಳೆಲ್ಲ ಮುಗಿದ ಮೇಲೆ ಬೈಬಲ್ಲಿನ ಊರುಗಳ ಸರದಿ ಬಂತು. ಕಾನಾ ಎಂಬ ಊರಿನ ಚರ್ಚಿನ ಮುಂದೆ ನಿಂತು ಗೈಡು ಇಂಗ್ಲಿಷಿನಲ್ಲಿ ಕತೆ ಹೇಳಿದ, ನಾನು ಕನ್ನಡದಲ್ಲಿ ಒಪ್ಪಿಸಿದೆ. ಇಲ್ಲೊಂದು ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋಯಿತು. ಯೇಸುವಿನ ತಾಯಿ ಅದನ್ನು ಕಂಡು ಮಗನಿಗೆ ತಿಳಿಸಿದಳು. ಅವನು ಕಲ್ಲಿನ ಬಾನಿಗಳಲ್ಲಿದ್ದ ನೀರನ್ನೇ ದ್ರಾಕ್ಷಾರಸ ಮಾಡಿದ.

ಪವಾಡಕ್ಕೆ ಬೆರಗಾಗುವುದು ಬಿಟ್ಟು ನಮ್ಮವರು ತನಿಖೆಗೆ ಇಳಿದರು.

"ಊಟ ಆಕ್ಸಿದ್ದು ಯಾರು? ಎಣ್ಣಿನೋರಾ, ಗಂಡಿನೋರಾ?" ಎಂದರು ಮದ್ದೂರಿನ ಹಿರಿಯರೊಬ್ಬರು.

"ಬಾಡಾದ್ರೂ ಸಾಕಾಯ್ತಂತಾ ಕೇಳ್ಲಾ," ಎಂದ ಹೊಳಲಿನ ಗೆಳೆಯ.

ಇದನ್ನೆಲ್ಲ ಗೈಡನ್ನು ಹೇಗೆ ಕೇಳುವುದು? ನನಗೆ ರೇಗಿಹೋಯಿತು. "ಸುಮ್ಕಿರ್ರಪ್ಪ! ಕೊನೇಲಿ ಕೊಟ್ಟ ದ್ರಾಕ್ಷಾರಸಾನೇ ಎಲ್ಲಕ್ಕಿಂತ ಚೆನ್ನಾಗಿತ್ತಂತೆ," ಎಂದು ಕತೆ ಮುಗಿಸಿಬಿಟ್ಟೆ.

ಬಸ್ಸು ಹತ್ತುವಾಗ ಅವ್ವ ನನ್ನ ಕಿವಿಯ ಹತ್ತಿರ ಬಾಗಿದಳು.

"ನಿನ್ ಮದ್ವೆ ಬೀಗರೂಟದಲ್ಲಿ ಕೊನೆ ಪಂತಿಗೆ ಬಾಡಿನ ಸಾರು ಸಾಲ್ದೇ ಓಯ್ತು ಕಣ್ಲಾ. ಯಾರ್ಗೂ ಏಳ್ನಿಲ್ಲ. ಒಂದಂಡೆ ಬಿಸ್ನೀರು ಉಯ್ದು, ಖಾರ ಕಲ್ಸಿ ಕುದಿಸ್ಬುಟ್ಟೆ."

ಆ ಕೊನೆಯ ಪಂಕ್ತಿಯಲ್ಲಿ ಕೂತಿದ್ದವರು ನನಗೆ ಹೆಣ್ಣು ಕೊಟ್ಟ ಮಾವ. ಅಂಥ ಸಾರು ಆಮೇಲೆ ಇನ್ನೆಲ್ಲೂ ಸಿಕ್ಕಲಿಲ್ಲ ಎಂದು ಇವತ್ತಿಗೂ ಹೇಳುತ್ತಾರೆ.